ನೀರಾನೆಯ ಮಣ್ಣಿಗೆ ಹೋಗಿ ಬಂದೆ

ಹೋದ ವಾರ ನಾನು ಒಂದು ನೀರಾನೆಯ ಮಣ್ಣಿಗೆ ಹೋಗಿ ಬಂದೆ.

ನಗಬೇಡಿ. ಬಿಳಿ ಬಟ್ಟೆ ಹೊದಿಸಿದ್ದರು, ಅರಿಸಿನ-ಕುಂಕುಮ ಹಚ್ಚಿದ್ದರು, ಒಬ್ಬ ಮುದುಕಿ ಅತ್ತಳು. ನಾನೂ ಒಂದು ಹಿಡಿ ಮಣ್ಣು ಹಾಕಿದೆ. ಇಷ್ಟು ಮರ್ಯಾದೆಯ ಮಣ್ಣು ನಮ್ಮಲ್ಲಿ ಎಷ್ಟು ಮನುಷ್ಯರಿಗೆ ಸಿಗುತ್ತದೆ?

ನಡೆದದ್ದು ಮೋರಖಂಡಿಯ ಆಚೆಯ ಒಂದು ಹಳ್ಳಿಯಲ್ಲಿ. (ಹೆಸರು ಬೇಡ.) ಊರವರು ತಮ್ಮ ಬಾವಿ ಮುಟ್ಟಗೊಡದ ಕೇರಿಯ ಜನ ಹಳ್ಳದ ದಂಡೆಯಲ್ಲಿ ತಮ್ಮದೇ ಬಾವಿ ತೋಡುತ್ತಿದ್ದಾರೆ. ಅದು ಆಗುವವರೆಗೆ ಅವರ ಹೆಂಗಸರು ಊರ ಬಾವಿಯಿಂದ ದೂರ ಕೊಡ ಇಟ್ಟು, ಯಾರಾದರೂ ಮನಸ್ಸು ಮಾಡಿ ಸುರಿಯಲಿ ಎಂದು ಬಿಸಿಲಲ್ಲಿ ಕಾಯಬೇಕು. ತೋಡುತ್ತಾ ಹೋದಂತೆ ಗರಸು, ಅಂದರೆ ಹಳೆಯ ಹೊಳೆಯ ಕಲ್ಲುಮರಳು, ಬಂತು. ಗರಸಿನಲ್ಲಿ ಒಂದು ಭಾರೀ ದವಡೆ, ಅದರಲ್ಲಿ ಮೊಳದುದ್ದದ ಡೊಂಕು ಹಲ್ಲು. ಕೆಲಸ ನಿಂತಿತು.

ನಮ್ಮ ಕಡೆಯ ಪದ್ಧತಿ ನಿಮಗೆ ಗೊತ್ತಲ್ಲ? ತೋಡುವಾಗ ಮನುಷ್ಯರ ಎಲುಬು ಬಂದರೆ ಬಾವಿ ಮುಚ್ಚಬೇಕು. ಊರಿನ ಹಿರಿಯರೊಬ್ಬರು ದೂರ ನಿಂತೇ ತೀರ್ಪು ಕೊಟ್ಟರಂತೆ: "ಇದು ಹಳೀ ಸುಡುಗಾಡು. ಮುಚ್ರಿ." ಕೇರಿಯ ಮುದುಕಿ ಭೀಮವ್ವ ಹೂಂ ಅಂದುಬಿಟ್ಟಳು. ಅವಳ ಪ್ರಕಾರ ಅದು ತಮ್ಮ ಕುಲದ ಮೂಲಪುರುಷನ ದವಡೆ. ಹಿಂದಿನ ಮನುಷ್ಯರು ಈಚಲ ಮರದ ಎತ್ತರ ಇದ್ದರೆಂದು ಅವಳ ಅಜ್ಜಿ ಹೇಳಿದ್ದು ಸುಳ್ಳಾದೀತೆ?

ಅವಳ ಮಗ ಮಾರುತಿ ಹುಮನಾಬಾದ ಸಂತೆಗೆ ಬರುವವ, ನನಗೆ ಪರಿಚಯ. ಗಾಡಿ ಕಟ್ಟಿಕೊಂಡು ಬಂದ. "ಮಾಸ್ತರ್ರ, ನೀವು ಸೈನ್ಸ್ ಕಲಸೋರು. ಒಂದ್ಸಲ ಬಂದು ನೋಡ್ರಿ. ಅವ್ವ ಬಾವಿ ಮುಚ್ಚಸಾಕತ್ತಾಳ."

ಹೋದೆ. (ಯುದ್ಧದ ದೆಸೆಯಿಂದ ಪೆಟ್ರೋಲ್ ಸಿಗದೆ ಮೋಟಾರು ನಿಂತಿದೆ, ಗಾಡಿಯೇ ಗತಿ. ಸೊಂಟದ ಕಥೆ ಕೇಳಬೇಡಿ.) ಸ್ಕೂಲಿನ ಚಿತ್ರದ ಪುಸ್ತಕ ಜೊತೆಗಿತ್ತು. ಹಲ್ಲಿನ ಪಕ್ಕ ಚಿತ್ರ ಹಿಡಿದೆ. ನೀರಾನೆ! ಇವತ್ತು ಆಫ್ರಿಕಾದ ಹೊಳೆಗಳಲ್ಲಿ ಮುಳುಗಿ ಕೂತಿರುತ್ತದಲ್ಲ, ಅದರ ಕುಲವೇ.

ಭೀಮವ್ವನ ಎದುರು ಕೂತು ಹೇಳಿದೆ. ಮನುಷ್ಯ ಊರು ಕಟ್ಟುವ ಎಷ್ಟೋ ಮೊದಲಿನ ಯುಗ ಅವ್ವಾ. ಉತ್ತರದ ದೇಶಗಳು ಹಿಮದಡಿ ಹೂತಿದ್ದವು. ನಮ್ಮಲ್ಲಿ ಹಿಮ ಇರಲಿಲ್ಲ. ಸಾವಿರಾರು ವರ್ಷ ಒಣ ಹವೆ, ಮತ್ತೆ ಸಾವಿರಾರು ವರ್ಷ ಮಳೆ. ಮಳೆಯ ಕಾಲದಲ್ಲಿ ಈ ಹಳ್ಳ ತುಂಬಿ ಹರಿಯುತ್ತಿತ್ತು. ದಂಡೆಯ ಹುಲ್ಲಿಗೆ ಆನೆ, ಕಾಡುದನ ಬರುತ್ತಿದ್ದವು. ಮಡುವಿನಲ್ಲಿ ನೀರಾನೆ. ಕೊನೆಗೊಮ್ಮೆ ನೀರಾನೆ ಈ ನೆಲದಿಂದ ಪೂರಾ ಅಳಿದುಹೋಯಿತು.

ಅವಳು ದವಡೆಗೆ ಮೆತ್ತಿದ್ದ ಮಣ್ಣನ್ನು ಬೆರಳಿನಿಂದ ಒರೆಸಿದಳು.

"ಅಂದ್ರ ಇಂವ ನಮ್ಮಾಂವ ಅಲ್ಲೇನ್ರಿ?"

"ಅಲ್ಲವ್ವ."

"ನಮ್ಮ ಹಿರ್ಯಾ ಎಲ್ಲಾರಕಿಂತ ಮೊದಲ ಇಲ್ಲಿದ್ದ ಅಂತ ಎರಡ ದಿನಾ ಖುಷಿಯಾಗಿದ್ದೆ ನೋಡ್ರಿ."

ಬಾವಿ ಉಳಿಸಲು ಹೋಗಿ ಮುದುಕಿಯ ಮೂಲಪುರುಷನನ್ನೇ ಕಿತ್ತುಕೊಂಡೆನಲ್ಲ! ಖರೇ ಮಾತು ಹೇಳಿದವನಿಗೂ ಇಷ್ಟು ಸಂಕಟವೇ?

ಅವಳೇ ಸೆರಗಿನಿಂದ ಕಣ್ಣೊರೆಸಿಕೊಂಡಳು. "ನೀರಾಗಿನ ಜೀವಾ ಅಂದ್ರಲ್ಲ, ಹಂಗಾರ ಕೆಳಗ ನೀರ ಅದ. ತೋಡೋ ಮಾರುತಿ. ಆದ್ರ ಇದನ್ನ ಹಂಗ ಒಗಿಬ್ಯಾಡ. ಎರಡ ದಿನಾ ನಮ್ಮಾಂವ ಆಗಿದ್ದ. ಮಣ್ಣ ಮಾಡೂನು."

ಹುಣಸೆ ಮರದ ಬುಡದಲ್ಲಿ ಮಣ್ಣಾಯಿತು. (ಮ್ಯೂಸಿಯಂಗೆ ಕಳಿಸಬೇಕಿತ್ತು ಎಂದು ಓದಿದವರು ಬೈಯಬಹುದು. ಬೈಯಿರಿ. ಅಲ್ಲಿ ನಿಂತು ಆ ಮಾತು ಆಡಲು ನನಗೆ ಬಾಯಿ ಬರಲಿಲ್ಲ.)

ಅಷ್ಟರಲ್ಲಿ ಆ ಹಿರಿಯರು ಮತ್ತೆ ಬಂದರು. ಈಗ ಪ್ರಾಣಿಯ ಎಲುಬಾದರೂ ಮುಚ್ಚಲೇಬೇಕಂತೆ. "ಯಾರ್ನ ಕೇಳಿ ತೋಡಾಕತ್ತೀರಿ?" ಎಂದು ಗುಡುಗಿದರು. ಮಾರುತಿ ಗುದ್ದಲಿ ಹಿಡಿದು ಬಾವಿಗೆ ಇಳಿದ. ನಾನು ಗಾಡಿ ಹತ್ತುವಾಗಲೂ ಅದರ ಸದ್ದು ಕೇಳುತ್ತಿತ್ತು.

ಹಿರಿಯರೇ, ಈ ಪತ್ರಿಕೆ ನಿಮ್ಮ ಮನೆಗೂ ಬರುತ್ತದೆ, ಬಲ್ಲೆ. ಆ ನೀರಾನೆ ಇಲ್ಲಿ ನೀರಿಗೆ ಬಾಯಿ ಹಾಕುವಾಗ ಯಾರ ಅಪ್ಪಣೆ ಕೇಳಿತ್ತು?