ಎಡಗೈಗೆ ತಿರುಗಿಸಿದ ಗಿಟಾರು

ಟಿಟ್ವಾಳಾದ ಒಂದು ಫ್ಲ್ಯಾಟಿನಲ್ಲಿ ಮಾರಾಟಕ್ಕಿದ್ದ ಗಿಟಾರು ಕೈಗೆ ಬಂದ ಕೂಡಲೇ ನಾನು ಅದನ್ನು ಬೇಕೆಂದೇ ತಿರುಗಿಸಿ ಹಿಡಿದೆ. ಕತ್ತು ಬಲಕ್ಕೆ, ಹೊಟ್ಟೆ ಎಡಕ್ಕೆ. ಮಾರುತ್ತಿದ್ದವನಿಗೆ ಇಪ್ಪತ್ತೈದರ ಆಸುಪಾಸು. ಮದುವೆ ಗೊತ್ತಾಗಿತ್ತು, ಮನೆಯಲ್ಲಿದ್ದ ಹಳೆಯದನ್ನೆಲ್ಲ ಖಾಲಿ ಮಾಡುವ ಉತ್ಸಾಹದಲ್ಲಿದ್ದ. "ಅಂಕಲ್, ಉಲ್ಟಾ ಪಕಡಾ ಆಪ್ನೇ," ಎಂದು ನಕ್ಕ. ನಾನು ನಗಲಿಲ್ಲ. ಈ ಮಾತನ್ನು ಐದನೇ ವಯಸ್ಸಿನಿಂದ ಕೇಳುತ್ತಿದ್ದೇನೆ, ಈಗ ನನಗೆ ನಲವತ್ತಾರು.

ಕೆಂಪು ಬಣ್ಣದ ಎಲೆಕ್ಟ್ರಿಕ್ ಗಿಟಾರು. ಅಂಚಿನಲ್ಲಿ ಬಣ್ಣ ಎದ್ದು ಮರ ಕಾಣುತ್ತಿತ್ತು. ಆರು ತಂತಿಗಳಲ್ಲಿ ಒಂದಿರಲಿಲ್ಲ. ಆಂಪ್‌ಗೆ ಸಿಕ್ಕಿಸಿದರೆ, ಜೊತೆಗೇ ಮಾರುತ್ತಿದ್ದ ಆ ಸ್ಪೀಕರ್ ಪೆಟ್ಟಿಗೆ ಹಳೇ ಫ್ರಿಜ್ಜಿನಂತೆ ಗುಂಯ್‌ಗುಡುತ್ತಿತ್ತು. ನನಗೆ ಬೇಕಿದ್ದದ್ದು ಎಡಗೈಯವರ ಗಿಟಾರು, ಆದರೆ ಸೆಕೆಂಡ್‌ಹ್ಯಾಂಡಿನಲ್ಲಿ ಅಂಥದ್ದು ಕಲ್ಯಾಣದಿಂದ ಪನ್ವೇಲ್‌ವರೆಗೆ ಎಲ್ಲೂ ಸಿಗಲಿಲ್ಲ. ಎಡಚರೇ ಇಲ್ಲ ಅಂತಲ್ಲ; ಅವರನ್ನೆಲ್ಲ ಚಿಕ್ಕಂದಿನಲ್ಲೇ ಬಡಿದು ನೆಟ್ಟಗೆ ಮಾಡಿರುತ್ತಾರೆ. ಹೊಸದನ್ನು ಆರ್ಡರ್ ಕೊಟ್ಟು ತರಿಸುವಷ್ಟು ದೊಡ್ಡವನು ನಾನಲ್ಲ. ಹಾಗಾಗಿ ಈ ಬಲಗೈಯವರ ಗಿಟಾರನ್ನೇ ಅಗ್ಗಕ್ಕೆ ಕೊಂಡು ಎಡಗೈಗೆ ತಿರುಗಿಸಿಕೊಳ್ಳುವುದೆಂದು ಹಟ ಹಿಡಿದಿದ್ದೆ.

ಹಟ ಹುಟ್ಟಿದ್ದು ಐರೋಲಿಯಲ್ಲಿ, ನಮ್ಮ ಆಫೀಸಿನ ಕ್ಯಾಂಟೀನಿನಲ್ಲಿ. ಹೊಸದಾಗಿ ಸೇರಿದ ಹುಡುಗಿಯೊಬ್ಬಳು ಎದುರಿಗೆ ಕೂತು ಎಡಗೈಯಲ್ಲಿ ಚಪಾತಿ ಮುರಿದು ತಿನ್ನುತ್ತಿದ್ದಳು. ಆಮೇಲೆ ಅದೇ ಕೈ ತೊಳೆದುಕೊಂಡು ಬಂದು ಅದೇ ಕೈಯಲ್ಲಿ ರಿಜಿಸ್ಟರಿಗೆ ಸಹಿ ಹಾಕಿದಳು. ಯಾರೂ ತಿರುಗಿ ನೋಡಲಿಲ್ಲ. ಮನೆಯಲ್ಲಿ ಬೈಯಲಿಲ್ಲವಾ ಎಂದು ಕೇಳಿದೆ. "ಕಾಯ್ಕೋ ಸರ್?" ಎಂದಳು, ಯಾಕೆ ಬೈಯಬೇಕು ಎನ್ನುವಂತೆ. ಅವಳಿಗೆ ಪ್ರಶ್ನೆಯೇ ಅರ್ಥವಾಗಿರಲಿಲ್ಲ. ನನಗೆ ಹೊಟ್ಟೆ ಉರಿದುಹೋಯಿತು. ಒಳ್ಳೆಯ ಹುಡುಗಿ, ಪಾಪ. ಒಂದು ವಾರ ನಾನು ಅವಳ ಮುಖ ನೋಡಲಿಲ್ಲ.

ನನ್ನ ಎಡಗೈ ಹೋದದ್ದು ಠಾಣೆ ಶಹರದಲ್ಲಿ, ಅಪ್ಪಯ್ಯನ ಹೋಟೆಲಿನ ಗಲ್ಲೆಯಲ್ಲಿ. ಉಡುಪಿ ಕಡೆಯಿಂದ ಬಂದು ಪಾಲುದಾರಿಕೆಯಲ್ಲಿ ಹೋಟೆಲು ನಡೆಸುತ್ತಿದ್ದ ಅವರು ಶಾಲೆಗೆ ರಜೆ ಇದ್ದಾಗ ನನ್ನನ್ನು ಪಕ್ಕದಲ್ಲಿ ಕೂರಿಸಿಕೊಳ್ಳುತ್ತಿದ್ದರು. ಒಂದು ಬೆಳಿಗ್ಗೆ, ಬೋಣಿಯ ಹೊತ್ತಿನಲ್ಲಿ, ಗಿರಾಕಿಯೊಬ್ಬನಿಗೆ ಚಿಲ್ಲರೆಯನ್ನು ಎಡಗೈಯಲ್ಲಿ ಕೊಟ್ಟೆ. ಆತ ಮುಟ್ಟಬಾರದ್ದೇನೋ ಕಂಡವನಂತೆ ಕೈ ಹಿಂದೆಳೆದುಕೊಂಡ, ಚಿಲ್ಲರೆ ನೆಲಕ್ಕೆ ಬಿತ್ತು. ಅಪ್ಪಯ್ಯ ಎಲ್ಲರೆದುರು ನನ್ನ ಬೆರಳ ಗೆಣ್ಣಿಗೆ ಅಡಿಕೋಲಿನಲ್ಲಿ ಹೊಡೆದರು. ಅವತ್ತಿನಿಂದ ಮನೆಯಲ್ಲಿ ಬರೆಯುವಾಗ, ಉಣ್ಣುವಾಗ ಎಡಗೈಯನ್ನು ತಮ್ಮ ಹೆಗಲ ಮೇಲಿನ ಬೈರಾಸಿನಲ್ಲಿ ಸೊಂಟಕ್ಕೆ ಸೇರಿಸಿ ಕಟ್ಟುತ್ತಿದ್ದರು. ಎರಡು ವರ್ಷ. ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ ಅನ್ನುವ ಗಾದೆಯನ್ನು ಬೈರಾಸಿನ ಗಂಟು ಬಿಗಿಯುವಾಗ ಹೇಳುತ್ತಿದ್ದರು. ಆ ಗಾದೆ ಕಟ್ಟಿದವನು ಕೈಗೆ ಸಿಕ್ಕರೆ ಅವನನ್ನೂ ನಾನು ಅದೇ ಬೈರಾಸಿನಲ್ಲಿ ಕಟ್ಟುತ್ತಿದ್ದೆ.

ಈಗ ಅಪ್ಪಯ್ಯನಿಗೆ ಎಂಬತ್ತು. ಅಮ್ಮ ಹೋದ ಮೇಲೆ ಡೊಂಬಿವಿಲಿಯ ನಮ್ಮ ಫ್ಲ್ಯಾಟಿನಲ್ಲೇ ಇದ್ದಾರೆ. ಬಾಲ್ಕನಿಯ ಗ್ರಿಲ್ಲಿನ ಪಕ್ಕ ಅವರದೊಂದು ಪ್ಲಾಸ್ಟಿಕ್ ಕುರ್ಚಿ, ಎದುರಿಗೆ ಟೀವಿ. ಊಟ, ಔಷಧಿ, ಚಷ್ಮಾ ಎಲ್ಲ ಹೊತ್ತಿಗೆ ಸರಿಯಾಗಿ ಕೊಡುತ್ತೇನೆ. ಮಾತು ಮಾತ್ರ ಅಷ್ಟಕ್ಕಷ್ಟೆ. ಗಿಟಾರು ಒಳಗೆ ಬಂದದ್ದನ್ನು ನೋಡಿ, "ಇದು ಎಂತಕ್ಕೆ ಈಗ?" ಎಂದರು.

"ಎಡಗೈಯಲ್ಲಿ ಬಾರಿಸ್ಲಿಕ್ಕೆ," ಎಂದೆ.

ಅವರು ರಿಮೋಟ್ ತೆಗೆದುಕೊಂಡು ಟೀವಿಯ ಸದ್ದು ಹೆಚ್ಚು ಮಾಡಿದರು. ನನಗೆ ಸಂತೋಷವಾಯಿತು. ನಿಜ ಹೇಳಬೇಕೆಂದರೆ ಅದನ್ನು ಕೊಂಡದ್ದು ಅರ್ಧ ಸಂಗೀತಕ್ಕಾಗಿ, ಇನ್ನರ್ಧ ಅವರಿಗಾಗಿ. ಅವರು ಬದುಕಿರುವಾಗಲೇ, ಅವರೆದುರೇ ಕೂತು, ಅವರು ಕಟ್ಟಿಹಾಕಿದ್ದ ಕೈಯಿಂದ ಒಂದು ಹಾಡನ್ನಾದರೂ ಪೂರ್ತಿ ಬಾರಿಸಿ ತೋರಿಸಬೇಕು. ಅಷ್ಟೇ ನನಗೆ ಬೇಕಿದ್ದದ್ದು.

ಕಲ್ಯಾಣ ಪಶ್ಚಿಮದಲ್ಲಿ, ಒಂದು ಕಟ್ಟಡದ ಮೆಟ್ಟಿಲ ಕೆಳಗಿನ ಸಂದಿಯಲ್ಲಿ, ಹಾರ್ಮೋನಿಯಂ, ಸಿತಾರು, ಗಿಟಾರುಗಳನ್ನು ರಿಪೇರಿ ಮಾಡುವ ಮರಾಠಿ ಮೇಸ್ತ್ರಿಯೊಬ್ಬರಿದ್ದಾರೆ. ಅರವತ್ತು ದಾಟಿದವರು. ನನ್ನ ಗಿಟಾರನ್ನು ಮಡಿಲಲ್ಲಿಟ್ಟುಕೊಂಡು, ನಾನು ಹೇಳಿದ್ದನ್ನೆಲ್ಲ ಕೇಳಿ, ಎರಡೂ ಕಡೆಯಿಂದ ಬಾರಿಸಿ ನೋಡಿದ್ದೀರಾ ಎಂದು ಹಿಂದಿಯಲ್ಲಿ ವಿಚಾರಿಸಿದರು. ನೋಡುವ ಅಗತ್ಯವಿಲ್ಲ, ನಾನು ಹುಟ್ಟು ಎಡಚ ಎಂದೆ. ಬಲಗೈಯವರ ಗಿಟಾರಿನಲ್ಲೂ ತಂತಿ ಒತ್ತುವುದು ಎಡಗೈ ಬೆರಳುಗಳೇ ಅಲ್ಲವೇ, ನಿಮಗೆ ಅದೇ ಅನುಕೂಲವಾದೀತು ಎಂದರು. ನನ್ನ ಕೈಯ ಅನುಕೂಲವನ್ನು ತೀರ್ಮಾನಿಸಲು ಊರೆಲ್ಲ ತಯಾರು. "ಜೋ ಬೋಲಾ ವೋ ಕರೋ," ಹೇಳಿದಷ್ಟು ಮಾಡು ಎಂದೆ. ದೊಡ್ಡವರ ಹತ್ತಿರ ಹಾಗೆ ಮಾತಾಡಬಾರದಿತ್ತು. ಅವರು ಕಿವಿಯ ಮೇಲಿನ ಪೆನ್ಸಿಲ್ ತೆಗೆದು ಚೀಟಿಯಲ್ಲಿ ಕೆಲಸ ಬರೆದುಕೊಂಡರು.

ಗಿಟಾರನ್ನು ತಿರುಗಿಸುವುದೆಂದರೆ ಸುಮ್ಮನೆ ತಲೆಕೆಳಗಾಗಿ ಹಿಡಿಯುವುದಲ್ಲ. ದಪ್ಪ ತಂತಿ ಇದ್ದಲ್ಲಿ ಸಣ್ಣದು ಬರಬೇಕು, ಸಣ್ಣದಿದ್ದಲ್ಲಿ ದಪ್ಪದ್ದು. ಕತ್ತಿನ ತುದಿಯಲ್ಲಿ ತಂತಿಗಳು ಕೂರುವ ಕಚ್ಚುಗಳಿರುವ ಪಟ್ಟಿಯನ್ನು ಕಿತ್ತು ಎಲುಬಿನದೊಂದನ್ನು ಹೊಸದಾಗಿ ಕೊರೆದು ಕೂರಿಸಬೇಕು. ಹೆಗಲಪಟ್ಟಿ ಸಿಕ್ಕಿಸುವ ಗುಂಡಿಯನ್ನು ಇನ್ನೊಂದು ಕೊಂಬಿಗೆ ಹಾಕಬೇಕು. ಇಷ್ಟಾದರೂ ಸದ್ದಿನ ತಿರುಪುಗಳು ಮೇಲಕ್ಕೆ ಬಂದು ಬಾರಿಸುವ ತೋಳಿಗೆ ತಾಗುತ್ತಿರುತ್ತವೆ. ಮೇಸ್ತ್ರಿ ಇದೆಲ್ಲವನ್ನೂ ಮೂರು ವಾರದಲ್ಲಿ ಅಚ್ಚುಕಟ್ಟಾಗಿ ಮಾಡಿಕೊಟ್ಟರು.

ಆಂಪನ್ನು ಅಪ್ಪಯ್ಯನ ಕುರ್ಚಿಯ ಕಡೆಗೆ ತಿರುಗಿಸಿಟ್ಟು, ಫೋನಿನಲ್ಲಿ ಪಾಠ ನೋಡಿಕೊಂಡು ದಿನಾ ಸಂಜೆ ಕೂತೆ. ಬಲಗೈ ಬೆರಳುಗಳು ತಂತಿ ಒತ್ತಿ ಹಿಡಿಯುವುದನ್ನು ತಕ್ಕಮಟ್ಟಿಗೆ ಕಲಿತವು. ಬಾರಿಸಬೇಕಾದ ಎಡಗೈಗೆ ತಾಳವೇ ಹತ್ತಲಿಲ್ಲ. ನಾಲ್ಕು ಹೊಡೆತದಲ್ಲಿ ಮೂರನೆಯದು ಪ್ರತಿ ಸಲವೂ ತಡವಾಗಿ ಬೀಳುತ್ತಿತ್ತು. ತಿಂಗಳಾಯಿತು, ಎರಡು ತಿಂಗಳಾಯಿತು. ಸೊಸೈಟಿಯ ಗ್ರೂಪಿನಲ್ಲಿ ಯಾರೋ, ಸಿ ವಿಂಗಿನಲ್ಲಿ ಸಂಜೆ ಹೊತ್ತು ಡ್ರಿಲ್ಲಿಂಗ್ ಮಾಡಿಸುವವರು ದಯವಿಟ್ಟು ನಿಲ್ಲಿಸಬೇಕು ಎಂದು ಬರೆದರು. ಅವರು ಯಾರೆಂದು ನನಗೆ ಗೊತ್ತು. ಲಿಫ್ಟಿನಲ್ಲಿ ಸಿಕ್ಕಾಗ ನಾನು ಈಗಲೂ ಅವರಿಗಾಗಿ ಬಾಗಿಲು ಹಿಡಿಯುವುದಿಲ್ಲ.

ತಪ್ಪು ಗಿಟಾರಿನದೇ ಎಂದು ತೀರ್ಮಾನಿಸಿದೆ. ಬಿರಡೆ ಸಡಿಲವಾಗಿ ಶ್ರುತಿ ಜಾರುತ್ತಿದೆ, ಅದಕ್ಕೇ ಕೈ ಅನುಮಾನಿಸುತ್ತಿದೆ ಅನ್ನಿಸಿತು. ಆರೂ ಬಿರಡೆಗಳನ್ನು ಬದಲಾಯಿಸಿದೆ. ಗುಂಯ್ ಅನ್ನುವ ಸದ್ದಿನಲ್ಲಿ ತಾಳ ಕೇಳಿಸುವುದಿಲ್ಲ ಎಂದುಕೊಂಡು ತಂತಿಯ ಸದ್ದನ್ನು ಹಿಡಿಯುವ ಪಿಕಪ್‌ಗಳನ್ನು ತೆಗೆಸಿ ಹೊಸದು ಹಾಕಿಸಿದೆ. ತಿರುಪುಗಳು ತೋಳಿಗೆ ತಾಗುತ್ತವೆ ಎಂದು ಅವನ್ನು ಸರಿಸಿ ಬೇರೆ ತೂತು ಕೊರೆಸಿದೆ. ಕುಣಿಯಲಾರದವನಿಗೆ ನೆಲ ಡೊಂಕು ಅನ್ನುತ್ತಾರಲ್ಲ, ನಾನು ನೆಲವನ್ನೇ ಅಗೆಸಿ ಹೊಸ ಹಾಸುಗಲ್ಲು ಹಾಕಿಸುತ್ತಿದ್ದೆ. "ಅದಕ್ಕೆ ಇನ್ನೆಷ್ಟು ಆಪರೇಷನ್ ಮಾಡಿಸ್ತೀರಿ? ಮನುಷ್ಯ ಆಗಿದ್ರೆ ಇಷ್ಟೊತ್ತಿಗೆ ಸತ್ತೇ ಹೋಗ್ತಿದ್ದ," ಎಂದಳು ಹೆಂಡತಿ. ಅವಳ ಮೇಲೂ ರೇಗಿದೆ. ಹಳೆಯ ಮರವೊಂದನ್ನು ಬಿಟ್ಟರೆ ಟಿಟ್ವಾಳಾದಿಂದ ತಂದದ್ದು ಅದರಲ್ಲಿ ಹೆಚ್ಚೇನೂ ಉಳಿದಿರಲಿಲ್ಲ. ಗಿಟಾರು ಈಗ ನಿಜಕ್ಕೂ ಒಳ್ಳೆಯ ಗಿಟಾರಾಗಿತ್ತು.

ಐದನೇ ಸಲ ಕಲ್ಯಾಣಕ್ಕೆ ಹೋದದ್ದು ಒಂದು ಭಾನುವಾರ ಮಧ್ಯಾಹ್ನ. ತಂತಿಗಳ ಎತ್ತರ ಸರಿಯಿಲ್ಲ ಎಂದು ದೂರಿದೆ. ಮೇಸ್ತ್ರಿ ಅಳತೆ ಮಾಡಿ ನೋಡಿದರು, ಎತ್ತರ ಸರಿಯಾಗಿಯೇ ಇತ್ತು. ಅವರು ಗೋಡೆಗೆ ತೂಗುಹಾಕಿದ್ದ ಯಾರದೋ ಬಲಗೈಯ ಗಿಟಾರನ್ನು ಇಳಿಸಿ ನನ್ನ ಹೆಗಲಿಗೆ ಹಾಕಿದರು. ಬೇಡ ಎಂದೆ. "ಏಕ್ ಬಾರ್, ಸಾಬ್. ಮೇರೇ ಲಿಯೇ," ಒಂದೇ ಸಲ, ನನಗೋಸ್ಕರ ಎಂದರು. ನನ್ನ ಎಡಗೈ ಬೆರಳುಗಳಿಗೆ ಈ ಕಡೆಯಿಂದ ಯಾವ ಹಿಡಿತವೂ ಗೊತ್ತಿರಲಿಲ್ಲ. ಹಾಗಾಗಿ ಅವರೇ ಪಕ್ಕದಲ್ಲಿ ನಿಂತು ತಂತಿಗಳನ್ನು ಒತ್ತಿ ಹಿಡಿದು, ನೀವು ಬರೀ ಹೊಡೆಯಿರಿ ಎಂದರು.

ಬಲಗೈ ತಂತಿಗಳ ಮೇಲೆ ಬಿತ್ತು, ತಾಳ ಬಂತು. ಕಲಿಸದೆ, ಕೇಳದೆ ಬಂತು. ನಾಲ್ಕಕ್ಕೆ ನಾಲ್ಕು. ಅವರು ಹಿಡಿತ ಬದಲಾಯಿಸಿದರು, ಕೈ ತನ್ನ ಪಾಡಿಗೆ ನಡೆಯುತ್ತಲೇ ಇತ್ತು. ನಿಲ್ಲಿಸಿದೆ. ಅವರು ನಕ್ಕಿದ್ದರೆ ಜಗಳವಾಡಿ ಹೊರಟುಬರಬಹುದಿತ್ತು. ನಗಲಿಲ್ಲ. "ಕೈ ಕಲಿತುಬಿಟ್ಟಿದೆ ಸಾಬ್, ಇಷ್ಟು ವರ್ಷದಲ್ಲಿ," ಎಂದರು ಹಿಂದಿಯಲ್ಲಿ. ನಿಮ್ಮ ಗಿಟಾರನ್ನು ಮೊದಲಿನಂತೆ ಬಲಗೈಗೆ ತಿರುಗಿಸಿ ಕೊಡಲೇ ಎಂದು ಕೇಳಿದರು. ಮುಂದಿನ ಭಾನುವಾರ ತರುತ್ತೇನೆ ಎಂದೆ.

ಲೋಕಲ್ ರೈಲಿನ ಬಾಗಿಲಲ್ಲಿ ನಿಂತು ಅತ್ತೆ ಎಂದು ಬರೆದರೆ ಸುಳ್ಳಾಗುತ್ತದೆ. ಗಿಟಾರಿನ ಚೀಲ ತಾಗಿತು ಎಂದು ಗೊಣಗಿದವನೊಬ್ಬನ ಜೊತೆ ಡೊಂಬಿವಿಲಿ ಬರುವವರೆಗೆ ಜಗಳವಾಡಿದೆ. ಆದರೆ ಒಳಗೆ ನನಗೆ ತುಂಬ ದುಃಖವಾಗಿತ್ತು. ಬೈರಾಸು ಬಿಚ್ಚಿದರೆ ಸಾಕು, ಆ ಕೈ ಹಾಗೆಯೇ ಇರುತ್ತದೆ, ನನಗಾಗಿ ಕಾದಿರುತ್ತದೆ ಎಂದು ಇಷ್ಟು ವರ್ಷ ನಂಬಿದ್ದೆ. ಅದು ಕಾದಿರಲಿಲ್ಲ.

ಮನೆಗೆ ಬಂದಾಗ ಅಪ್ಪಯ್ಯ ಕುರ್ಚಿಯಲ್ಲಿದ್ದರು. ನಾನು ಚೀಲವನ್ನು ಗೋಡೆಗೆ ಒರಗಿಸುವುದನ್ನು ನೋಡಿ, "ಎಂತ ಹೇಳಿದ ಆ ಮೇಸ್ತ್ರಿ?" ಎಂದು ಕೇಳಿದರು. ಗಿಟಾರಿನ ಬಗ್ಗೆ ಅವರು ಇಷ್ಟು ತಿಂಗಳಲ್ಲಿ ಬಾಯಿ ಬಿಟ್ಟದ್ದು ಅದು ಎರಡನೇ ಸಲ. ಆಮೇಲೆ, "ಈಗಾದ್ರೂ ಸಮ ಬರ್ತದಾ ಎಡಗೈ?" ಎಂದರು.

ನಿಜ ಹೇಳಬಹುದಿತ್ತು. ಬರುವುದಿಲ್ಲ, ನೀವು ಕಟ್ಟಿದ್ದು ಚೆನ್ನಾಗಿಯೇ ಕಟ್ಟಿದ್ದೀರಿ, ಈಗ ನನ್ನ ಕೈ ಬಲಗೈಯೇ ಎನ್ನಬಹುದಿತ್ತು. ಆದರೆ ಅದನ್ನು ಕೇಳಿ ಅವರು, ನೋಡು, ನಾನು ಮಾಡಿದ್ದು ಸರಿಯಾಯಿತಲ್ಲ ಎಂದುಬಿಟ್ಟರೆ? ಆ ಗೆಲುವನ್ನು ಅವರಿಗೆ ಕೊಡಲು ನನ್ನಿಂದ ಸಾಧ್ಯವಿರಲಿಲ್ಲ. "ಚಂದ ಬರ್ತದೆ," ಎಂದೆ. "ಹುಟ್ಟಿದ ಕೈ ಅಲ್ವಾ, ಎಲ್ಲಿಗೆ ಹೋಗ್ತದೆ? ನೀವು ಅಷ್ಟು ಹೊಡೆದ್ರೂ ಏನೂ ಆಗ್ಲಿಲ್ಲ ಅದಕ್ಕೆ."

ಚುಚ್ಚಬೇಕೆಂದೇ ಹೇಳಿದ್ದು. ಚುಚ್ಚಿತು. ಅಪ್ಪಯ್ಯ ಮುಖವನ್ನು ಗ್ರಿಲ್ಲಿನ ಕಡೆ ತಿರುಗಿಸಿದರು.

"ಹಾಗಾದ್ರೆ ಸುಮ್ಮನೆ ಹೊಡೆದೆ ನಾನು," ಎಂದರು. "ನಿನ್ನ ಅಮ್ಮ ಬೇಡ ಅಂದಿದ್ದಳು. ಸಣ್ಣ ಮಗು, ಅವನ ಕೈ ಅವನಿಗೆ ಬಿಡಿ ಅಂದಿದ್ದಳು. ನನಗೆ ಆಗ ಗಿರಾಕಿ ದೊಡ್ಡವನಾದ." ಚಷ್ಮಾ ತೆಗೆದು ಪಂಚೆಯ ಅಂಚಿನಲ್ಲಿ ಒರೆಸಿದರು. "ತಪ್ಪಾಯ್ತು ಮಗಾ."

ಈ ಒಂದು ಮಾತಿಗಾಗಿ ನಾನು ನಲವತ್ತು ವರ್ಷ ಹಲ್ಲು ಕಚ್ಚಿಕೊಂಡು ಕೂತಿದ್ದೆ. ಬಂದಾಗ ಅದು ನನ್ನ ಸುಳ್ಳಿಗೆ ಬಂತು. ನಾಚಿಕೆಯಾಯಿತು, ಸಿಟ್ಟೂ ಬಂತು, ಎರಡೂ ಒಟ್ಟಿಗೆ. ಈಗ ನಿಜ ಹೇಳಿದರೆ ಅವರ ತಪ್ಪು ಎರಡು ಪಟ್ಟಾಗುತ್ತದೆಯೋ, ಇಲ್ಲವೇ ತಪ್ಪೇ ಅಲ್ಲವಾಗುತ್ತದೆಯೋ ನನಗೆ ತಿಳಿಯಲಿಲ್ಲ. ಬಾಯಿ ಮುಚ್ಚಿಕೊಂಡೆ. ಅಪ್ಪಯ್ಯ ಟೀವಿ ಆರಿಸಿ, "ಬಾರಿಸು, ಕೇಳುವ," ಎಂದರು.

ಅವರಿಗೆ ಸಂಗೀತ ಗೊತ್ತಿಲ್ಲ. ಕೈ ಆಡುವುದನ್ನಷ್ಟೇ ನೋಡುತ್ತಾರೆ. ಆ ಭಾನುವಾರದಿಂದ ಪ್ರತಿ ಭಾನುವಾರವೂ ಸಂಜೆ ಟೀವಿ ಆರಿಸಿ ಕುರ್ಚಿಯನ್ನು ನನ್ನ ಕಡೆ ತಿರುಗಿಸಿಕೊಂಡು ಕೂರುತ್ತಾರೆ. ಕಲ್ಯಾಣದ ಮೇಸ್ತ್ರಿ ಎರಡು ಸಲ ಫೋನು ಮಾಡಿದರು. ಗಿಟಾರನ್ನು ಬಲಗೈಗೆ ತಿರುಗಿಸಿ ತಂದ ದಿನವೇ ಅಪ್ಪಯ್ಯನಿಗೆ ಎಲ್ಲ ಗೊತ್ತಾಗಿಬಿಡುತ್ತದೆ. ಹಾಗಾಗಿ ಈ ತಿಂಗಳು ಪುರುಸೊತ್ತಿಲ್ಲ ಎಂದೆ. ಸರಿಯಾಗಿ ಬಾರಿಸಬಲ್ಲ ಕೈಯನ್ನು ಸುಮ್ಮನೆ ತಂತಿ ಒತ್ತಲು ಬಿಟ್ಟು, ಬಾರದ ಕೈಯಲ್ಲಿ ಬಾರಿಸುತ್ತೇನೆ. ಮೂರನೇ ಹೊಡೆತ ಈಗಲೂ ತಡವಾಗಿಯೇ ಬೀಳುತ್ತದೆ.

ಕಳೆದ ಭಾನುವಾರ ಮುಗಿಸಿದಾಗ ಅಪ್ಪಯ್ಯ, "ಹೋದ ವಾರಕ್ಕಿಂತ ಚಂದ ಆಯ್ತು," ಎಂದರು. ಆಗಿರಲಿಲ್ಲ. ನಾನು ಅವರ ಮುಖ ನೋಡದೆ ಅದನ್ನೇ ಮೊದಲಿನಿಂದ ಇನ್ನೊಮ್ಮೆ ಬಾರಿಸಿದೆ.