ಮೂರನೇ ನಂಬರಿನ ಚೀಟಿ

ಆಗೆಲ್ಲ ಶನಿವಾರವೆಂದರೆ ಬೆಳಗಿನ ಶಾಲೆ. ಹಾಗೆಂದು ಮನೆಗೆಲಸ ಕಡಿಮೆಯಾಗುತ್ತಿರಲಿಲ್ಲ, ಕತ್ತಲಿರುವಾಗಲೇ ಶುರುವಾಗುತ್ತಿತ್ತು ಅಷ್ಟೆ. ಆ ಶನಿವಾರ ಮಾಡಿದ್ದನ್ನು ಈಗಲೂ ಸಾಲಾಗಿ ಹೇಳಬಲ್ಲೆ. ಒಲೆಯ ಬೂದಿ ತೆಗೆದೆ. ನಾಲ್ಕು ಕೊಡ ನೀರು ತಂದೆ. ಕೋಳಿಗೂಡಿನ ಬಾಗಿಲು ತೆರೆದೆ. ಕಾಫಿಹಣ್ಣು ಕೊಯ್ಯಲು ಹೊರಟ ಅಮ್ಮನಿಗೆ ಬುತ್ತಿ ಕಟ್ಟಿದೆ. ಕಣದಲ್ಲಿದ್ದ ಅಪ್ಪನಿಗೆ ಕಾಫಿ ಕೊಟ್ಟು ಬಂದೆ. ಅಕ್ಕನಿಗೆ ಜಡೆ ಹೆಣೆದೆ, ಅವಳು ನನಗೆ ಹೆಣೆದಳು.

ಬಾಳೂರಿನ ಕಡೆಯ ಒಂದು ಎಸ್ಟೇಟಿನಲ್ಲಿ ಕೂಲಿಯವರ ಲೈನ್ ಮನೆ ನಮ್ಮದು. ಅಕ್ಕ ಪ್ರೇಮ ಹತ್ತನೇ ಕ್ಲಾಸು, ನಾನು ಒಂಬತ್ತು. ನಮ್ಮ ಹೈಸ್ಕೂಲಿನ ಬ್ಯಾಂಡ್ ಸೆಟ್ ಪ್ರತಿ ಜನವರಿಯಲ್ಲಿ ಸ್ಪರ್ಧೆಗೆಂದು ಮೂಡಿಗೆರೆಗೆ ಹೋಗುತ್ತಿತ್ತು. ಬಿಳಿ ಬಟ್ಟೆ, ಸೊಂಟಕ್ಕೆ ಕೆಂಪು ಪಟ್ಟಿ, ಸುಣ್ಣದಂಥ ಬಿಳಿ ಶೂ. ಸೈಡ್ ಡ್ರಮ್ ಹೊಡೆಯುತ್ತಿದ್ದ ಹುಡುಗಿ ಬೇರೆ ಊರಿಗೆ ಹೋಗಿದ್ದರಿಂದ ಆ ವರ್ಷ ಒಂದು ಜಾಗ ಖಾಲಿ ಇತ್ತು. ಒಂದೇ ಒಂದು. ಅದು ನಮ್ಮಿಬ್ಬರಿಗೂ ಬೇಕಿತ್ತು.

ದೀಪಾವಳಿಯಿಂದ ಇಬ್ಬರೂ ಕಣದ ಅಂಚಿನಲ್ಲಿ ಬಿಸ್ಕೆಟ್ ಡಬ್ಬ ಬೋರಲು ಹಾಕಿಕೊಂಡು ಹೊಡೆಯುತ್ತಿದ್ದೆವು. ಕಾಫಿಗಿಡದ ನೆಟ್ಟನೆಯ ಕೊಂಬೆ ಕೆತ್ತಿ ಅಪ್ಪ ಒಂದು ಜೊತೆ ಕೋಲು ಮಾಡಿಕೊಟ್ಟಿದ್ದ. ಹಣ್ಣಿನ ಸಿಪ್ಪೆ ಸುಲಿಯುವ ಪಲ್ಪರ್ ಕಡೆಯಿಂದ ಹುಳಿ ವಾಸನೆ ಬರುತ್ತಿತ್ತು. ಅಪ್ಪ ಒಣಹಾಕಿದ ಕಾಫಿಯನ್ನು ಮರದ ಹಲುಬೆಯಿಂದ ಎಳೆದು ಹರವುತ್ತ ಆ ಕಡೆಯಿಂದ ಈ ಕಡೆಗೆ ಹೋಗುತ್ತಿದ್ದ.

"ಜಯ ಹೊಡೆದ್ರೆ ನನ್ನ ಕಾಲು ತಾನಾಗೇ ನಡೀತದೆ," ಎಂದಿದ್ದ ಒಮ್ಮೆ. "ಪ್ರೇಮ ಹೊಡೆದ್ರೆ ಓಡ್ಬೇಕಾಗ್ತದೆ ಮಾರಾಯ್ತಿ."

ಅಕ್ಕ ನಕ್ಕಿದ್ದಳು. ಆದರೆ ಆವತ್ತು ಮತ್ತೆ ಕೋಲು ಮುಟ್ಟಲಿಲ್ಲ.

ಹಿಂದಿನ ವರ್ಷ ಮುಖ ನೋಡಿ ಆರಿಸಿದರೆಂದು ದೂರು ಬಂದಿತ್ತು. ಅದಕ್ಕೆ ಡ್ರಿಲ್ ಮೇಷ್ಟ್ರು ಈ ಸಲ ಹೊಸ ಏರ್ಪಾಡು ಮಾಡಿದ್ದರು. ಮೊದಲು ಎಲ್ಲರೂ ನಂಬರಿನ ಚೀಟಿ ಎತ್ತಬೇಕು, ಅವರು ನಂಬರಿನ ಮುಂದೆ ಹೆಸರು ಬರೆದುಕೊಳ್ಳುತ್ತಾರೆ. ಆಮೇಲೆ ಅವರು ಸೈನ್ಸ್ ರೂಮಿನ ಮುಂಬಾಗಿಲು ಹಾಕಿಸಿ ಹೊರಗೆ ಕುರ್ಚಿಯಲ್ಲಿ ಕೂರುತ್ತಾರೆ. ನಾವು ಹಿಂಬಾಗಿಲಿನಿಂದ ಒಬ್ಬೊಬ್ಬರೇ ಒಳಗೆ ಹೋಗಿ, ಚೀಟಿಯನ್ನು ಮುಂಬಾಗಿಲಿನ ಸಂದಿಯಲ್ಲಿ ತೂರಿಸಿ, ಡ್ರಮ್ ಹೊಡೆದು ಬರಬೇಕು. ಮಾತಾಡುವಂತಿಲ್ಲ.

ಆ ಶನಿವಾರ ಚೀಟಿ ಎತ್ತುವ ಹೊತ್ತಿಗೆ ನನ್ನದು ಕ್ಲಾಸು ಗುಡಿಸುವ ಪಾಳಿ. ಅಕ್ಕನೇ ಇಬ್ಬರಿಗೂ ಎತ್ತಿ, ಹೆಸರು ಬರೆಸಿ ಬಂದಳು.

"ನಿಂದು ಮೂರು, ನಂದು ಹದಿನೇಳು," ಎಂದು ಚೀಟಿ ಮಡಚಿ ನನ್ನ ಕೈಯಲ್ಲಿಟ್ಟಳು. ಅವಳ ಕೈ ತಣ್ಣಗಿತ್ತು. ಹೆದರಿದ್ದಾಳೆ ಅಂದುಕೊಂಡು ಉಜ್ಜಿಕೊಟ್ಟೆ.

ಮೊದಲ ಸಲ ನಿಜವಾದ ಡ್ರಮ್ಮಿನ ಮೇಲೆ ಕೋಲು ಬಿದ್ದಾಗ ಸದ್ದು ಕೈಯಿಂದ ಹೊಟ್ಟೆಗೆ ಇಳಿಯಿತು. ನಡುವೆ ರಸ್ತೆಯಲ್ಲಿ ಕಳಸದ ಬಸ್ಸು ಉದ್ದಕ್ಕೆ ಹಾರನ್ ಹೊಡೆಯಿತು. ನಾನು ಕಣದಲ್ಲಿ ನಡೆಯುವ ಅಪ್ಪನ ಕಾಲನ್ನು ನೆನೆಸಿಕೊಂಡು ಹೊಡೆಯುತ್ತಲೇ ಹೋದೆ. ಹದಿನೇಳನೆಯದನ್ನು ಹೊರಗೆ ನಿಂತು ಕೇಳಿದೆ. ಯಾವತ್ತಿನಂತೆ ಓಡುತ್ತಿತ್ತು.

ಕೊನೆಗೆ ಮೇಷ್ಟ್ರು ಎಲ್ಲರನ್ನೂ ಸಾಲಾಗಿ ನಿಲ್ಲಿಸಿದರು.

"ಮೂರನೇ ನಂಬರು. ಬಸ್ಸಿನವ ಕಿವಿ ಕಿತ್ತೋಗೋ ಹಾಗೆ ಹಾರನ್ ಹೊಡೆದ. ಆದ್ರೂ ತಾಳ ಬಿಡ್ಲಿಲ್ಲ."

ನಾನು ಅರ್ಧ ಹೆಜ್ಜೆ ಮುಂದಿಟ್ಟಿದ್ದೆ. ಅವರು ಪುಸ್ತಕದಲ್ಲಿ ಬೆರಳಾಡಿಸಿ ಓದಿದರು. "ಹತ್ತನೇ ಕ್ಲಾಸು ಪ್ರೇಮ."

ಎಲ್ಲರೂ ಚಪ್ಪಾಳೆ ತಟ್ಟಿದರು. ಬರೆದುಕೊಳ್ಳುವಾಗ ತಪ್ಪಾಗಿದೆ, ಈಗ ಅಕ್ಕ ಹೇಳುತ್ತಾಳೆ ಎಂದು ಅವಳ ಮುಖವನ್ನೇ ನೋಡುತ್ತಿದ್ದೆ. ಅವಳು ತನ್ನ ಕಾಲಿನ ಹೆಬ್ಬೆರಳನ್ನು ನೋಡುತ್ತ ಮುಂದೆ ಹೋಗಿ ನಿಂತಳು.

ದಾರಿಯಲ್ಲಿ, ಹೆಸರು ಯಾಕೆ ಅದಲುಬದಲು ಬರೆಸಿದೆ ಎಂದು ಕೇಳಿದೆ. ಅಕ್ಕ ಹೆಜ್ಜೆ ಜೋರು ಮಾಡಿದಳು.

"ನಿಂಗೆ ಮುಂದಿನ ವರ್ಷ ಇದೆ ಕಣೆ. ನಂಗಿಲ್ಲ."

ಸಂಜೆ ಅಮ್ಮನ ಹತ್ತಿರ ಅತ್ತು ಹೇಳಿದೆ. ಅಮ್ಮ ಅಕ್ಕನ ಬೆನ್ನಿಗೆ ಒಂದು ಕೊಟ್ಟಳು. ಆಮೇಲೆ, ಮೇಷ್ಟ್ರಿಗೆ ಹೇಳಿದರೆ ಇಬ್ಬರನ್ನೂ ಕೈಬಿಡುತ್ತಾರೆ, ಯಾರು ಹೊಡೆದರೇನು, ನಮ್ಮನೆಗೇ ಬಂತಲ್ಲ ಎಂದಳು. ನಾನು ಅಪ್ಪನ ಕಡೆ ನೋಡಿದೆ. ಕೇಳಿದರೆ ಸಾಕು, ಯಾರ ಕೈ ಎಂದು ಹೇಳಬಲ್ಲವನು ಅಪ್ಪನೊಬ್ಬನೇ. ಅವನು ಬೀಡಿ ಹಚ್ಚಿಕೊಂಡು ಕಣಕ್ಕೆ ಹೋದ. ಮಾರನೆಯ ದಿನ ಡಬ್ಬವನ್ನು ತಾನೇ ತಂದಿಟ್ಟು, "ಅವಳಿಗೆ ಸ್ವಲ್ಪ ನಡೆಯಕ್ಕೆ ಹೇಳ್ಕೊಡು ಮಗಾ," ಎಂದ.

ಹೇಳಿಕೊಟ್ಟೆ. ಜನವರಿಯ ಹೊತ್ತಿಗೆ ಅಕ್ಕನ ಕೈ ನಡೆಯಲು ಕಲಿತಿತ್ತು. ಶಾಲೆಗೆ ಎರಡನೇ ಬಹುಮಾನ ಬಂತು. ಮುಂದಿನ ವರ್ಷ ಮೇಷ್ಟ್ರಿಗೆ ವರ್ಗವಾಯಿತು. ಡ್ರಮ್ಮು ಬೀರುವಿನ ಮೇಲೆ ಹೋಯಿತು, ನಾನು ಶಾಲೆ ಬಿಡುವವರೆಗೂ ಇಳಿಯಲಿಲ್ಲ.

ಏನು ಹೋಯಿತು ಎಂದರೆ ದೊಡ್ಡದಾಗಿ ಹೇಳುವಂಥದ್ದೇನೂ ಇಲ್ಲ. ಆ ಶನಿವಾರದ ನಂತರ ನನ್ನ ಜಡೆ ನಾನೇ ಹೆಣೆದುಕೊಂಡೆ. ಯಾರು ಏನು ಕೈಯಲ್ಲಿಟ್ಟರೂ ಬಿಡಿಸಿ ನೋಡದೆ ತೆಗೆದುಕೊಂಡವಳಲ್ಲ. ಅಪ್ಪ ಹೋಗಿ ಎಂಟು ವರ್ಷವಾಯಿತು, ಆವತ್ತು ಯಾಕೆ ಎದ್ದು ಹೋದೆ ಎಂದು ಅವನನ್ನೂ ಕೇಳಲಾಗಲಿಲ್ಲ.

ಕಳೆದ ವಾರ ಅಕ್ಕ ನಮ್ಮನೆಗೆ ಬಂದಿದ್ದಳು. ನನ್ನ ಮಗಳ ಶಾಲೆಯಲ್ಲೂ ಬ್ಯಾಂಡಿಗೆ ಆರಿಸುತ್ತಿದ್ದಾರೆ. ಅವಳು ಹೆದರಿ ಕೂತಿದ್ದಕ್ಕೆ ಅಕ್ಕ ತಲೆ ಸವರಿ ಧೈರ್ಯ ಹೇಳಿದಳು.

"ನಾನು ಹೊಡೆಯುವಾಗ ಬಸ್ಸಿನವ ಎಂಥಾ ಹಾರನ್ ಹೊಡೆದ ಗೊತ್ತುಂಟಾ? ಆದ್ರೂ ನಾನು ತಾಳ ಬಿಡ್ಲಿಲ್ಲ."

ಸುಳ್ಳು ಹೇಳುವವಳ ಮುಖವಾಗಿರಲಿಲ್ಲ ಅದು. ನಾನು ರೊಟ್ಟಿ ತಟ್ಟುತ್ತಿದ್ದೆ.

"ಅಮ್ಮಾ, ನಿಂಗೂ ಡ್ರಮ್ ಬರ್ತಿತ್ತಾ?" ಎಂದು ಮಗಳು ಕೇಳಿದಳು.

ಈಗಲಾದರೂ ಹೇಳುತ್ತಾಳೇನೋ ಎಂದು ಕೈ ನಿಲ್ಲಿಸಿ ಕಾದೆ. ಅಕ್ಕ ಉಪ್ಪಿನಕಾಯಿ ಕೇಳಿದಳು.

ಅಕ್ಕಿರೊಟ್ಟಿ, ಅವರೆಕಾಳಿನ ಸಾರು, ಮಾವಿನಮಿಡಿ ಉಪ್ಪಿನಕಾಯಿ. ಅಕ್ಕ ಮೂರು ರೊಟ್ಟಿ ತಿಂದಳು, ನಾನು ಒಂದೂವರೆ. ಒಂದೇ ಕೋಣೆಯಲ್ಲಿ ಹಾಸಿದೆ. ಮೊದಲು ನಿದ್ದೆ ಹೋದವಳು ಅಕ್ಕ, ಆ ಶನಿವಾರದ ರಾತ್ರಿಯ ಹಾಗೆಯೇ.