ಒಡಕು ದನಿಗೆ ಮದ್ದು

ನನ್ನ ಗಂಡ ಪೀಣ್ಯದಲ್ಲಿ ತಗಡು ಒತ್ತುವ ಪ್ರೆಸ್ ಶಾಪಿನಲ್ಲಿ ಮೂವತ್ತು ವರ್ಷ ದುಡಿದವರು. ಆ ಸದ್ದಿನ ಮೇಲೆ ಮಾತಾಡಿ ಮಾತಾಡಿ, ಮನೆಯಲ್ಲಿ ಉಪ್ಪು ಕೇಳಿದರೂ ಚಿಕ್ಕಬಾಣಾವರದ ರೈಲು ನಿಲ್ದಾಣಕ್ಕೆ ಕೇಳಿಸುತ್ತದೆ. ನಿವೃತ್ತಿಯಾಗಿ ಮಂಕಾಗಿ ಕೂತಿದ್ದಾಗ, ಕಣ್ಣು ಕಾಣದ ಮಕ್ಕಳ ಶಾಲೆಯೊಂದು ಕಥೆ ಓದಿ ರೆಕಾರ್ಡ್ ಮಾಡಿಕೊಡುವವರನ್ನು ಹುಡುಕುತ್ತಿದೆ ಎಂದು ಗೊತ್ತಾಯಿತು. ಶನಿವಾರದೊಳಗೆ ಒಂದು ಕಥೆ ಕಳಿಸಬೇಕು. ದನಿ ಒಪ್ಪಿಗೆಯಾದರೆ ವರ್ಷವಿಡೀ ಇವರೇ ಓದುವುದು. ಎಷ್ಟೋ ದಿನಗಳ ಮೇಲೆ ಅವರ ಮುಖದಲ್ಲಿ ಕಳೆ ಬಂತು.

ಮಗಳು ಕಾಲೇಜಿನಲ್ಲಿದ್ದಾಗ ಕೊಂಡ ಕಂಪ್ಯೂಟರಿನ ಹೊದಿಕೆ ತೆಗೆದೆವು. ಮೊದಲ ದಿನ ಒಂದು ಉಸಿರೂ ರೆಕಾರ್ಡ್ ಆಗಲಿಲ್ಲ. ಹಿಂದೆ ಬಗ್ಗಿ ನೋಡಿದರೆ, ಗುಲಾಬಿ ತೂತಿಗೆ ಹಾಕಬೇಕಾದ ಮೈಕಿನ ಪಿನ್ನನ್ನು ಹಸಿರು ತೂತಿಗೆ ಹಾಕಿದ್ದರು. ಬದಲಿಸಿದೆ. ಆಮೇಲೆ ಗುಂಯ್ ಎಂಬ ಸದ್ದು; ಫ್ಯಾನ್ ಆರಿಸಿ ಬೆವರುತ್ತಾ ಕೂತೆವು. ಆದರೂ ಅವರ ದನಿ ಮಾತ್ರ ಹರಿದ ತಮಟೆಯ ಹಾಗೆ ಒಡೆದೊಡೆದು ಬರುತ್ತಿತ್ತು. ಮೈಕಿನ ವಾಲ್ಯೂಮ್ ಇಳಿಸಿದರೂ ಅಷ್ಟೆ. ರಿಪೇರಿಯವನನ್ನು ಕರೆಸಿದರೆ, ಸೌಂಡ್ ಕಾರ್ಡ್ ಹೋಗಿದೆ, ಹೊಸ ಕಂಪ್ಯೂಟರೇ ತಗೊಳ್ಳಿ ಎಂದು ಹೇಳಿ ಕಾಫಿ ಕುಡಿದು ಹೊರಟ.

ನನಗೆ ರೇಗಿತು. ಅವನಿನ್ನೂ ಗೇಟು ದಾಟಿರಲಿಲ್ಲವಾದ್ದರಿಂದ ಹಲ್ಲು ಕಚ್ಚಿ ಮೆಲ್ಲಗೆ ಬೈದೆ. ರೆಕಾರ್ಡಿಂಗ್ ಓಡುತ್ತಲೇ ಇತ್ತು. ಆಮೇಲೆ ಹಾಕಿ ಕೇಳಿದರೆ ನನ್ನ ಬೈಗುಳದ ಒಂದೊಂದು ಅಕ್ಷರವೂ ತೊಳೆದಿಟ್ಟ ಹಾಗೆ ಸ್ಪಷ್ಟ.

"ಕುಣಿಯಲಾರದವಳು ನೆಲ ಡೊಂಕು ಅಂದ್ಳಂತೆ. ಕಂಪ್ಯೂಟರ್ ಸರಿಯಾಗೇ ಇದೆ ಕಣ್ರೀ, ನಿಮ್ಮ ಗಂಟಲೇ ಜಾಸ್ತಿ," ಎಂದೆ.

ಅವರು ಮೆಲ್ಲಗೆ ಓದಲು ನೋಡಿದರು. ಎರಡು ಸಾಲು ಮೆಲ್ಲಗೆ, ಮೂರನೆಯ ಸಾಲಿಗೆ ಮತ್ತೆ ಪ್ರೆಸ್ ಶಾಪು. ಮೈಕನ್ನು ಮೇಜಿನ ಆ ತುದಿಗೆ ತಳ್ಳಿದರೆ, ಅದಕ್ಕೆ ಕೇಳಿಸಲಿ ಎಂದು ಇನ್ನೂ ಜೋರಾಗಿ ಓದಿದರು. ಶನಿವಾರ ಮಧ್ಯಾಹ್ನ ಪುಸ್ತಕ ಮುಚ್ಚಿ, "ನನ್ನಿಂದಾಗಲ್ಲ, ಬಿಡು," ಎಂದರು. ಆ ಮಾತು ಮಾತ್ರ ಮೆಲ್ಲಗಿತ್ತು. ಮೂರು ದಿನದ ಕೂಗಾಟಕ್ಕೆ ನನ್ನ ತಲೆ ಸಿಡಿಯುತ್ತಿತ್ತು. ಆದರೂ ಇನ್ನೊಂದೇ ಸಲ ಓದಿ ಎಂದು ಹೇಳಿ, ಅದೇ ಕೋಣೆಯ ಮಂಚದ ಮೇಲೆ ಗೋಡೆಗೆ ಮುಖ ಮಾಡಿ ಮಲಗಿದೆ.

ಸ್ವಲ್ಪ ಹೊತ್ತಿಗೆ ಓದು ಶುರುವಾಯಿತು. ಗೂಡಿಗೆ ಹತ್ತಿ ಹುಡುಕಿಕೊಂಡು ಹೊರಟ ಗುಬ್ಬಿಯ ಕಥೆ. ಮೃದುವಾದ, ನಿಧಾನವಾದ ದನಿ. ನನ್ನ ನಿದ್ದೆ ಕೆಡಬಾರದೆಂದು ಹಾಗೆ ಓದುತ್ತಿದ್ದರು. ಮದುವೆಯಾಗಿ ಇಷ್ಟು ವರ್ಷಕ್ಕೆ ಆ ದನಿಯನ್ನು ನಾನು ಕೇಳಿರಲೇ ಇಲ್ಲ. ಅಲುಗಾಡದೆ ಕೊನೆಯವರೆಗೂ ಕೇಳಿದೆ. ಸಂತೋಷಕ್ಕೆ ಕಣ್ಣು ತುಂಬಿತು.

ಸಂಜೆ ಇಬ್ಬರೂ ಕೂತು ರೆಕಾರ್ಡಿಂಗ್ ಕೇಳಿದೆವು. ಒಂದು ಕಡೆಯೂ ಒಡಕಿಲ್ಲ. ನಿಲ್ಲಿಸುವುದನ್ನು ಮಾತ್ರ ಅವರು ಮರೆತಿದ್ದರು. ಕಥೆ ಮುಗಿದ ಮೇಲೆ ಕುರ್ಚಿ ಸರಿದ ಸದ್ದು, ಆಮೇಲೆ "ಪಾಪ, ಸೆಕೇಲೇ ಮಲ್ಕೊಂಡವ್ಳೆ" ಎಂಬ ಮಾತು, ಹಿಂದೆಯೇ ಫ್ಯಾನಿನ ಗುಂಯ್. ಅವರು ನಾಚಿಕೊಂಡು, ಅದನ್ನು ತೆಗೆದುಬಿಡು ಎಂದರು. ಶಾಲೆಗೆ ಕಳಿಸಿದ್ದರಲ್ಲಿ ತೆಗೆದೆ. ನಾನು ಇಟ್ಟುಕೊಂಡದ್ದರಲ್ಲಿ ಹಾಗೇ ಇದೆ.

ಶಾಲೆಯವರು ಒಪ್ಪಿದರು. ಈಗ ವಾರಕ್ಕೆ ಎರಡು ಕಥೆ. ಹಾಗಾಗಿ ವಾರಕ್ಕೆ ಎರಡು ಮಧ್ಯಾಹ್ನ ನನಗೆ ತಪ್ಪದೆ ತಲೆನೋವು ಬರುತ್ತದೆ.